ಎರಡನೆಯ ಪಾಳಿ

2025ರ ಜೂನ್ ತಿಂಗಳು. ಬೇಸಿಗೆ ರಜೆ ಮುಗಿದು ಶಾಲೆ ತೆರೆದು ಎರಡು ದಿನವಾಗಿತ್ತಷ್ಟೆ. ಪಠ್ಯಪುಸ್ತಕ ಇನ್ನೂ ಪೂರ್ತಿ ಬಂದಿರಲಿಲ್ಲ. ಏಳನೆಯ ತರಗತಿಯ ಮಕ್ಕಳನ್ನು ಸುಮ್ಮನೆ ಕೂಡಿಸುವುದು ಹೇಗೆಂದು, ಮನೆಯಿಂದ ಕತ್ತರಿಸಿ ತಂದಿದ್ದ ಪತ್ರಿಕೆಯ ಸುದ್ದಿಯೊಂದನ್ನು ಓದಿ ಹೇಳಿದೆ. ನಮ್ಮ ನೌಕಾಪಡೆಯ ಇಬ್ಬರು ಹೆಣ್ಣುಮಕ್ಕಳು, ದಿಲ್ನಾ ಮತ್ತು ರೂಪಾ, 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದ ಸುದ್ದಿ. 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟವರು 2025ರ ಮೇ 29ರಂದು ಮತ್ತೆ ಗೋವಾಕ್ಕೆ ಮುಟ್ಟಿದ್ದರು. ದೋಣಿಯ ಉದ್ದ 56 ಅಡಿ. ನಡುವೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್ ದ್ವೀಪ, ದಕ್ಷಿಣ ಆಫ್ರಿಕಾ ಹೀಗೆ ನಾಲ್ಕೇ ಕಡೆ ನಿಂತದ್ದು. ಉಳಿದ ದಿನಗಳೆಲ್ಲ ನೀರೇ ನೀರು.

ರೋಣದ ಮಕ್ಕಳಿಗೆ ಸಮುದ್ರವೆಂದರೆ ನಕಾಶೆಯ ನೀಲಿ ಬಣ್ಣ. ಅವರು ಕಂಡ ದೊಡ್ಡ ನೀರೆಂದರೆ ಹೊಳೆಆಲೂರಿನ ಮಲಪ್ರಭೆ, ಇಲ್ಲವೆ ಮಳೆಗಾಲದ ಬೆಣ್ಣೆಹಳ್ಳ. ಆದರೂ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಸರಿಯಾದ ಪ್ರಶ್ನೆ ಕೇಳಿದ. "ಟೀಚರ್ರಿ, ರಾತ್ರಿ ಏನ್ ಮಾಡ್ತಾರ್ರಿ? ದೋಣಿ ನಿಲ್ಲಿಸಿ ಮಕ್ಕೋತಾರೇನ್ರಿ?"

ನಡುಸಮುದ್ರದಲ್ಲಿ ದೋಣಿ ನಿಲ್ಲಿಸಲಿಕ್ಕೆ ಬರುವುದಿಲ್ಲ, ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರಿರುತ್ತಾರೆ ಎಂದು ನಾನು ಹೇಳುತ್ತಿದ್ದಂತೆ ಕಿಟಕಿಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಚ್ಚು ಮಾತಾಡುವವಳಲ್ಲ. "ನಮ್ಮಪ್ಪ ನಮ್ಮವ್ವ ಹಂಗ ಮಾಡ್ತಾರ್ರಿ" ಎಂದಳು. "ಕುರಿ ಕಾಯೂಮುಂದ."

ಮಕ್ಕಳು ನಕ್ಕರು. ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೈಯಲ್ಲಿದ್ದ ಪತ್ರಿಕೆಯ ತುಂಡು ಹಾಗೇ ಉಳಿಯಿತು. ನಮ್ಮ ಅವ್ವ ನೆನಪಾಗಿದ್ದಳು.

ಇತಿಹಾಸ ಕಲಿಸುವ ನನಗೆ ಕಾವಲು ಎಂದ ಕೂಡಲೇ ಕೋಟೆ ನೆನಪಾಗಬೇಕು. ನನ್ನ ಬದುಕು ಮೂರು ಊರುಗಳ ನಡುವೆ ಸವೆದಿದೆ. ತವರು ನರಗುಂದ ತಾಲ್ಲೂಕು, ಕೊಟ್ಟ ಮನೆ ಗಜೇಂದ್ರಗಡ, ನೌಕರಿ ರೋಣ. ಈ ಮೂರರಲ್ಲಿ ಎರಡಕ್ಕೆ ತಲೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಆದ ಒಪ್ಪಂದಕ್ಕೆ ಗಜೇಂದ್ರಗಡದ್ದೇ ಹೆಸರು. 1858ರ ಮೇ ತಿಂಗಳ ಕೊನೆಗೆ ನರಗುಂದದ ಬಾಬಾಸಾಹೇಬರು ಇಂಗ್ಲಿಷರ ಮೇಲೆ ಎದ್ದರು. ಸುರೇಬಾನದಲ್ಲಿ ಮ್ಯಾನ್‌ಸನ್ ಸಾಹೇಬನ ತಲೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರೆಂದು ಚರಿತ್ರೆ ಹೇಳುತ್ತದೆ. ಈ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ಆದರೆ ಮುತ್ತಿಗೆಯ ರಾತ್ರಿಗಳಲ್ಲಿ ಆ ಹೆಂಗಸರು ನಿದ್ದೆ ಮಾಡಿದ್ದರೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಚರಿತ್ರೆಯೊಳಗೆ ಅವರು ಬರುವುದೇ ಸಾಯುವುದಕ್ಕೆ.

ಇನ್ನೂ ಹಿಂದಕ್ಕೆ ಹೋದರೂ ಇದೇ ಕಥೆ. ನಮ್ಮ ಕಡೆ ಊರ ಮುಂದೆ, ಗುಡಿಯ ಹಿಂದೆ ವೀರಗಲ್ಲುಗಳು ಬಿದ್ದಿರುತ್ತವೆ. ಎಷ್ಟೋ ಕಲ್ಲುಗಳು ದನ ಹೊಡೆದುಕೊಂಡು ಹೋಗಲು ಬಂದವರ ಕೂಡ ಕಾದಾಡಿ ಸತ್ತವರವು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಹೆಂಡತಿಯ ಸುಳಿವು ಬೇಕೆಂದರೆ ಮಾಸ್ತಿಕಲ್ಲು ಹುಡುಕಬೇಕು. ಅಲ್ಲಿ ಬಳೆ ತೊಟ್ಟ, ಮೇಲೆತ್ತಿದ ಒಂದು ಕೈ ಇರುತ್ತದೆ. ದನದ ಹಟ್ಟಿಯನ್ನು ಆ ಕೈ ಎಷ್ಟು ರಾತ್ರಿ ಕಾದಿತ್ತೋ, ಕಲ್ಲು ಕಡೆದವನಿಗೆ ಅದು ಬೇಕಾಗಿರಲಿಲ್ಲ.

ರಾತ್ರಿಯನ್ನು ಪಾಲು ಮಾಡಿಕೊಳ್ಳುವ ವಿದ್ಯೆ ಬಹಳ ಹಳೆಯದು. ನಾವು ದಿನವೂ ಆಡುವ 'ಬೆಳಗಿನ ಜಾವ' ಎಂಬ ಮಾತಿನೊಳಗೇ ಅದು ಇದೆ. ಸಂಸ್ಕೃತದ ಯಾಮವೇ ನಮ್ಮ ಜಾವ. ದಿನಕ್ಕೆ ಎಂಟು, ರಾತ್ರಿಗೆ ನಾಲ್ಕು, ಒಂದೊಂದಕ್ಕೂ ಮೂರು ತಾಸು. ಗಡಿಯಾರವಿಲ್ಲದ ಕಾಲದಲ್ಲಿ ತಳಕ್ಕೆ ಸಣ್ಣ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಏಳೂವರೆ ಗಳಿಗೆಗೆ ಒಂದು ಜಾವ. ಹಳೆಯ ಹಾಯಿಹಡಗುಗಳಲ್ಲಿ ನೀರಿನ ಬಟ್ಟಲಿನ ಬದಲು ಮರಳಿನ ಗಡಿಯಾರವಿತ್ತು. ಅರ್ಧ ತಾಸಿಗೊಮ್ಮೆ ಮರಳು ಇಳಿದಾಗ ಅದನ್ನು ತಿರುವಿಟ್ಟು ಗಂಟೆ ಬಾರಿಸುವರು. ನಾವಿಕರನ್ನು ಹಡಗಿನ ಎಡದವರು, ಬಲದವರು ಎಂದು ಎರಡು ಗುಂಪು ಮಾಡಿ ನಾಲ್ಕು ನಾಲ್ಕು ತಾಸಿನ ಪಾಳಿ ಹಾಕುವರು. ಹೀಗೇ ಬಿಟ್ಟರೆ ಒಂದು ಗುಂಪಿಗೆ ದಿನಾಲೂ ನಡುರಾತ್ರಿಯ ಪಾಳಿಯೇ ಬರುತ್ತದಲ್ಲ? ಅದಕ್ಕೆಂದೇ ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಎರಡೆರಡು ತಾಸಿನ ಎರಡು ತುಂಡು ಮಾಡಿದರು. ಆಗ ಸರದಿ ದಿನವೂ ಬದಲಾಗುತ್ತದೆ. ಯಾರೋ ನಿದ್ದೆಗೆಟ್ಟವರೇ ಇದನ್ನು ಕಂಡುಹಿಡಿದಿರಬೇಕು.

ಇಬ್ಬರೇ ಇರುವ ಸಣ್ಣ ದೋಣಿಯಲ್ಲಿ ಇಷ್ಟೆಲ್ಲ ಏರ್ಪಾಡು ಸಾಧ್ಯವಿಲ್ಲ. ಮೂರು ತಾಸೋ ನಾಲ್ಕು ತಾಸೋ ನೀನು, ಆಮೇಲೆ ನಾನು. ಗಂಡ ಹೆಂಡತಿ ಇಬ್ಬರೇ ಸಣ್ಣ ಹಾಯಿದೋಣಿಯಲ್ಲಿ ಮಹಾಸಾಗರ ದಾಟುವವರು ಹೊರದೇಶಗಳಲ್ಲಿ ಎಷ್ಟೋ ಜನ ಇದ್ದಾರೆ. ಗಾಳಿ ತಿರುಗಿತೇ, ಹಾಯಿ ಇಳಿಸಬೇಕೇ, ದೂರದ ದೀಪ ಹಡಗಿನದೋ ನಕ್ಷತ್ರವೋ, ಎಲ್ಲವನ್ನೂ ಎಚ್ಚರಿದ್ದವರೊಬ್ಬರೇ ನೋಡಬೇಕು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಒಂದು, ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲಿರಬೇಕು ಎನ್ನುತ್ತದೆ. ಕಿವಿಯಿಂದಲೂ ಎಂಬ ಮಾತು ನನಗೆ ಹಿಡಿಸಿತು. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ನಮ್ಮ ಕಣಕ್ಕೆ ಬರುತ್ತೇನೆ.

ನರಗುಂದದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳದ ಸುಗ್ಗಿ ಫೆಬ್ರವರಿಗೆ. ನಾನು ಚಿಕ್ಕವಳಿದ್ದಾಗ ರಾಶಿ ಮಾಡುವ ಮಷೀನು ನಮ್ಮ ಊರಿಗೆ ಬಂದಿರಲಿಲ್ಲ. ಕಣ ಕೆತ್ತಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ತೆನೆ ಹರವಿ ಎತ್ತುಗಳ ಹಂತಿ ಹೊಡೆಯುತ್ತಿದ್ದರು. ಕೊಯ್ದ ತೆನೆ ಕಣಕ್ಕೆ ಬಂದಂದಿನಿಂದ ಕಾಳು ಹಗೇವಿಗೆ ಇಳಿಯುವವರೆಗೆ ಹದಿನೈದು ಇಪ್ಪತ್ತು ರಾತ್ರಿ ಕಣದಲ್ಲೇ ವಸತಿ. ವರ್ಷದ ಅನ್ನ ಬಯಲಲ್ಲಿ ಬಿದ್ದಿರುವಾಗ ಮನೆಯಲ್ಲಿ ಬಾಗಿಲು ಹಾಕಿ ಮಲಗುವವರು ಯಾರು? ಕಳ್ಳರ ಅಂಜಿಕೆ, ಬಿಡಾಡಿ ದನದ ಕಾಟ, ಎಲ್ಲಕ್ಕೂ ಹೆಚ್ಚಾಗಿ ಕಣಿಕಿಯ ಬಣವಿಗೆ ಕಿಡಿ ಬಿದ್ದೀತೆಂಬ ಭಯ.

ಅಪ್ಪನದು ಮೊದಲ ಪಾಳಿ, ಅವ್ವನದು ಎರಡನೆಯದು. ಕೈಗಡಿಯಾರ ನಮ್ಮಲ್ಲಿರಲಿಲ್ಲ. ಆಕಾಶದಲ್ಲಿ ಒಂದೇ ಸಾಲಿನಲ್ಲಿ ಮೂರು ಚುಕ್ಕಿಗಳಿವೆಯಲ್ಲ, ಅವುಗಳಿಗೆ ಅವ್ವ ಕೂರಿಗಿ ಅನ್ನುತ್ತಿದ್ದಳು. ಬಿತ್ತುವ ಕೂರಿಗೆಯ ತಾಳುಗಳಂತೆ ಕಾಣುತ್ತವೆಂದು. ಸುಗ್ಗಿಯ ದಿನಗಳಲ್ಲಿ ಅದು ಸಂಜೆಗೆ ನೆತ್ತಿಯ ಹತ್ತಿರವಿದ್ದು ನಡುರಾತ್ರಿ ದಾಟಿ ಒಂದೆರಡು ತಾಸಿಗೆ ಪಡುವಣಕ್ಕೆ ಮುಳುಗುತ್ತದೆ. ಕೂರಿಗಿ ಮುಳುಗಿತೆಂದರೆ ಅಪ್ಪ ಅವ್ವನನ್ನು ಎಬ್ಬಿಸಬೇಕು. "ದಿನಾ ಅದು ಒಂಚೂರು ಲಗೂ ಮುಳಗ್ತೈತಿ, ಅಂದ್ರ ನನ್ನ ಪಾಳಿ ದಿನಾ ಒಂಚೂರು ಬೆಳೀತೈತಿ" ಎಂದು ಅವ್ವ ನಗುತ್ತಿದ್ದಳು. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಮುಳುಗುತ್ತವೆಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷದ ಮೇಲೆ. ಇಪ್ಪತ್ತು ರಾತ್ರಿಗೆ ಎಂಬತ್ತು ನಿಮಿಷ. ಅಕ್ಷರ ಬಾರದ ಅವ್ವನ ಲೆಕ್ಕ ಸರಿಯಾಗಿತ್ತು.

ಎರಡನೆಯ ಪಾಳಿಯ ಕಷ್ಟ ಬೇರೆ. ಮೊದಲ ಪಾಳಿಯವರು ಮುಗಿಸಿ ಮಲಗುತ್ತಾರೆ. ಎರಡನೆಯ ಪಾಳಿಯವರಿಗೆ ಮುಗಿಯುವುದೆಂಬುದಿಲ್ಲ. ಬೆಳ್ಳಿ ಮೂಡಿದರೆ ಸಗಣಿ ಬಳಿಯಬೇಕು, ನೀರು ತರಬೇಕು, ರೊಟ್ಟಿ ಬಡಿಯಬೇಕು. ಕಾವಲು ಹಾಗೇ ಕೆಲಸದೊಳಗೆ ಕರಗಿಹೋಗುತ್ತದೆ. ಊರವರು ಕೇಳಿದರೆ, "ಕಣಾ ಯಾರ ಕಾಯ್ತಾರ?" "ಅಪ್ಪ." ನಾನೂ ಹಾಗೇ ಹೇಳುತ್ತಿದ್ದೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಒಂದು ರಾತ್ರಿ ನೀರಡಿಸಿ ಎಚ್ಚರವಾಯಿತು. ಕೌದಿಯೊಳಗಿಂದ ತಲೆ ಎತ್ತಿದೆ. ಕೂರಿಗಿ ಇನ್ನೂ ಪಡುವಣದಲ್ಲಿ ಗಿಡದ ಮೇಲಿತ್ತು. ಅವ್ವ ನನ್ನ ಮಗ್ಗುಲಲ್ಲಿ ಮಲಗಿದ್ದಳು. ಅಪ್ಪ ಕಂದೀಲಿನ ಹತ್ತಿರ ಕಂಬಳಿ ಹೊದ್ದು ಕೂತಿದ್ದ, ತಲೆ ಮೊಳಕಾಲ ಮೇಲೆ. ಹಗಲೆಲ್ಲ ಹಂತಿ ಹೊಡೆದು ದಣಿದಿದ್ದ. ಕೂತಲ್ಲೇ ನಿದ್ದೆ ಹೋಗಿತ್ತು. ನಾನು ನೀರು ಕುಡಿದು ಮತ್ತೆ ಮಲಗಿದೆ. ಎಷ್ಟು ಹೊತ್ತಾಗಿತ್ತೋ, ಅವ್ವ ಒದರಿದ್ದಕ್ಕೆ ಎದ್ದೆ. ಕೂರಿಗಿ ಮುಳುಗಿತ್ತು. ಯಾರೂ ಎಬ್ಬಿಸದೆ ರೂಢಿಯಿಂದ ತಾನೇ ಎದ್ದ ಅವ್ವ, ರಾಶಿಯ ಸುತ್ತ ಒಂದು ಸುತ್ತು ಹಾಕಲು ಹೋದಾಗ, ಸಂಜೆ ತುಂಬಿ ಹೊಲಿದಿಟ್ಟಿದ್ದ ಚೀಲಗಳಲ್ಲಿ ಮೂರು ಇರಲಿಲ್ಲ.

ಬೆಳಗಾದ ಮೇಲೆ ನಾಲ್ಕು ಮಂದಿ ಕೂಡಿದರು. ದೊಡ್ಡಪ್ಪ ಕೇಳಿದ, "ಯಾರು ಎಚ್ಚರಿದ್ರಿ?" ಅಪ್ಪ ಬಾಯಿ ತೆಗೆಯುವ ಮೊದಲೇ ಅವ್ವ ಸೆರಗು ಸರಿಮಾಡಿಕೊಂಡು ಅಂದಳು. "ನಂದ ಪಾಳಿ ಇತ್ತು. ಜಂಪು ಹತ್ತಿತು." ಮಂದಿ ಅಂದದ್ದು ಈಗಲೂ ಕಿವಿಯಲ್ಲಿದೆ. "ಹೆಂಗಸಿನ ಕೈಯಾಗ ಕಣಾ ಕೊಟ್ರ ಹಿಂಗ ಆಗೋದು." ಅಪ್ಪ ನೆಲ ನೋಡುತ್ತ ನಿಂತಿದ್ದ. ನಾನು ಸುಮ್ಮನಿದ್ದೆ. ಕೂರಿಗಿಯನ್ನು ಕಂಡವಳು ನಾನೊಬ್ಬಳೇ.

ನಮ್ಮವ್ವ ಕಣ ಕಾದದ್ದು ಊರಿನ ಬಾಯಲ್ಲಿ ಬಂದದ್ದು ಅದೊಂದೇ ಸಲ. ಅದೂ ಆಕೆ ಕಾಯದ ಹೊತ್ತಿಗೆ.

ಮಾತಿನಲ್ಲಿ ಅಪ್ಪ ಏನೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಮರುವರ್ಷದ ಸುಗ್ಗಿಯಲ್ಲಿ ಎರಡನೆಯ ಪಾಳಿ ತಾನು ತೆಗೆದುಕೊಂಡ. ಬೆಳ್ಳಿ ಮೂಡಿದಾಗ ಮೂರು ಕಲ್ಲಿನ ಒಲೆ ತಾನೇ ಹೊತ್ತಿಸಿ, ಚಹಾಕ್ಕೆ ನೀರಿಟ್ಟು ಅವ್ವನನ್ನು ಎಬ್ಬಿಸುತ್ತಿದ್ದ.

ಅದೇ 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಬಂಡಾಯವಾಯಿತು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನ ಕಾಲುವೆ ನಮ್ಮ ಕಡೆ ಬಂದಿತ್ತು. ನೀರು ಸರಿಯಾಗಿ ಮುಟ್ಟದವರ ಮೇಲೂ ಕರ ಬಂದಿತ್ತು. ಗೋಲಿಬಾರಾಯಿತು, ರೈತರು ಸತ್ತರು. ಅವರ ನೆನಪಿಗೆ ನಿಲ್ಲಿಸಿದ ಗುರುತಿಗೂ ನಮ್ಮ ಜನ ವೀರಗಲ್ಲೆಂದೇ ಅನ್ನುತ್ತಾರೆ. ಪ್ರತಿವರ್ಷ ಜುಲೈ 21ಕ್ಕೆ ಅಲ್ಲಿ ಮಾಲೆ ಹಾಕುತ್ತಾರೆ. ನಾನೂ ಕೈ ಮುಗಿದು ಬಂದಿದ್ದೇನೆ. ಆ ಕಾಲುವೆಯ ನೀರಿಗೂ ಪಾಳಿಯಿತ್ತು, ಅದು ಬರುತ್ತಿದ್ದದ್ದು ಬಹಳ ಸಲ ರಾತ್ರಿಯೇ. ಗಂಡ ಸಲಿಕೆ ಹಿಡಿದು ಹೊಲದೊಳಗೆ ನೀರು ತಿರುವಿದರೆ, ಮೇಲಿನವರು ತೂಬು ಮುಚ್ಚಿ ನೀರು ಹರಿಸಿಕೊಳ್ಳದಂತೆ ಕಂದೀಲು ಹಿಡಿದು ಕಾಲುವೆಯ ದಂಡೆಯಲ್ಲಿ ಕೂಡುತ್ತಿದ್ದವಳು ಹೆಂಡತಿ. ಹಾವು, ಚೇಳು, ಕತ್ತಲು, ಬೈಗುಳ ಎಲ್ಲ ಆಕೆಯ ಪಾಲಿಗೆ. ನೀರಿನ ಕರದ ಪಾವತಿಯಲ್ಲಿ ಹೆಸರು ಮಾತ್ರ ಒಂದೇ.

ಕಾಗದಪತ್ರಗಳ ಹಣೆಬರಹವೇ ಅದು. ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ಹಳ್ಳಿಗಳ ಕಾವಲು ತಳವಾರ, ವಾಲೀಕಾರರಂಥವರ ಮೇಲಿತ್ತು. ಅದಕ್ಕಾಗಿ ಅವರಿಗೆ ಇನಾಮು ಭೂಮಿ. ಇಂಥ ವಂಶಪಾರಂಪರ್ಯದ ಹುದ್ದೆಗಳಿಗೆ 1874ರಲ್ಲಿ ವತನದ ಕಾಯಿದೆ ಬಂತು. 1886ರಲ್ಲಿ ಅದಕ್ಕೊಂದು ತಿದ್ದುಪಡಿ ಮಾಡಿ, ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಮನೆತನದ ಉಳಿದ ಹೆಣ್ಣುಮಕ್ಕಳ ಹಕ್ಕನ್ನು ಗಂಡಸರೆಲ್ಲರ ಹಿಂದಕ್ಕೆ ಸರಿಸಿದರು. 1961ರ ಕಾಯಿದೆಯಿಂದ ಆ ಹುದ್ದೆಗಳೇ ರದ್ದಾದವು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಹುದ್ದೆ ಹೋಯಿತು. ಹೆಂಗಸಿನ ಹೆಸರು ಹಿಂದಿನ ಸಾಲಿನಲ್ಲಿ ಬರೆಯುವ ರೂಢಿ ಉಳಿಯಿತು.

ಹಾಗೆ ಬರೆದವರಲ್ಲಿ ನಾನೂ ಒಬ್ಬಳು. 2011ರ ಜನಗಣತಿಗೆ ನಾನು ಎಣಿಕೆಗೆ ಹೋಗಿದ್ದೆ. ಫೆಬ್ರವರಿ 9ರಿಂದ 28ರವರೆಗೆ, ಸರಿಯಾಗಿ ಸುಗ್ಗಿಯ ದಿನಗಳು. ಎಷ್ಟೋ ಮನೆಗೆ ಬೀಗ. ಸಂಜೆ ಹೊತ್ತು ಹಿಡಿದು ಕೇಳಿದರೆ ಯಜಮಾನ ಹೇಳುವನು, "ನಂದು ಒಕ್ಕಲುತನ್ರಿ. ಆಕಿ ಏನಿಲ್ರಿ, ಮನ್ಯಾಗಿರ್ತಾಳ." ಮನೆಯಲ್ಲಿರುವವಳ ಮನೆಗೆ ಬೀಗ ಯಾಕೆ ಹಾಕಿತ್ತು ಎಂದು ನಾನು ಕೇಳಲಿಲ್ಲ. ಆತ ಹೇಳಿದಂತೆ ತುಂಬಿಕೊಂಡು ಮುಂದಿನ ಮನೆಗೆ ನಡೆದೆ. ನನಗೂ ಲಗೂ ಮುಗಿಸಿ ಬಸ್ಸು ಹಿಡಿಯಬೇಕಾಗಿತ್ತು.

ಎರಡನೆಯ ಪಾಳಿಯ ರುಚಿ ನನಗೆ ಸಿಕ್ಕದ್ದು ನಮ್ಮತ್ತೆ ಹಾಸಿಗೆ ಹಿಡಿದಾಗ. ಏಳು ತಿಂಗಳು ನಾನೂ ನಮ್ಮವರೂ ರಾತ್ರಿಯನ್ನು ಹಂಚಿಕೊಂಡೆವು. ಒಂದು ಗಂಟೆಯವರೆಗೆ ಅವರು, ಆಮೇಲೆ ನಾನು. ಪಾಪ, ಅವರು ಪ್ರಾಮಾಣಿಕರು, ಒಂದು ನಿಮಿಷ ಕೂಡ ಕದ್ದವರಲ್ಲ. ನೋಡಲು ಬಂದ ನೆಂಟರು ಮಾತ್ರ, "ಮಗ ಅಂದ್ರ ಹಿಂಗಿರಬೇಕು, ರಾತ್ರೆಲ್ಲಾ ಎಚ್ಚರಿರ್ತಾನಂತ" ಎನ್ನುವರು. ನಾನು ಅವರಿಗೆ ಚಹಾ ಕೊಟ್ಟು, ಡಬ್ಬಿ ಕಟ್ಟಿಕೊಂಡು ಎಂಟೂವರೆಯ ಬಸ್ಸಿಗೆ ಓಡುವೆ. ಸಿಟ್ಟು ಬರುತ್ತಿರಲಿಲ್ಲವೆಂದರೆ ಸುಳ್ಳಾದೀತು.

ಅದಿರಲಿ, ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಅಜ್ಜಿಯ ಹತ್ತಿರ ಇದ್ದು ಓದುವವಳು. ತಂದೆ ತಾಯಿ ವರ್ಷದ ಬಹುಪಾಲು ಕುರಿಯ ಹಿಂದೆ. ದೀಪಾವಳಿಗೆ ಬಂದಾಗ ತಾಯಿ ಮಗಳನ್ನು ನೋಡಲು ಶಾಲೆಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂಡಿಸಿ ಕೇಳಿದೆ. ಗಜೇಂದ್ರಗಡದ ಗುಡ್ಡದ ಕೆಳಗಿನ ಹಳ್ಳಿಯವರು. ಹೇರು ಹೊರಲು ಕುದುರೆ, ಜೊತೆಗೆ ನಾಯಿ, ಕೋಳಿ, ಕೈಕೂಸು. ರಾತ್ರಿಗೊಂದು ಹೊಲದಲ್ಲಿ ಕುರಿ ತರುಬುವುದು. ಗೊಬ್ಬರಕ್ಕೆ ಪ್ರತಿಯಾಗಿ ಹೊಲದವರು ಕಾಳೋ ರೊಕ್ಕವೋ ಕೊಡುತ್ತಾರೆ. ನಾಳೆ ಇನ್ನೊಂದು ಹೊಲ, ಮತ್ತೊಂದು ಊರು. ಅವರಿಗೂ ದಂಡೆ ಕಾಣುವುದು ತಿಂಗಳುಗಟ್ಟಲೆ ಆದ ಮೇಲೆಯೇ.

"ರಾತ್ರಿ ಹೆಂಗ ಕಾಯ್ತೀರವಾ?" ಎಂದೆ.

"ಅರ್ಧ ರಾತ್ರಿ ಅವರು, ಅರ್ಧ ರಾತ್ರಿ ನಾ ರೀ ಅಕ್ಕೋರ. ಗಾಳಿ ಯಾ ಕಡೆ ಬೀಸ್ತೈತಿ ನೋಡಿ ಹಾಸಿಗಿ ಹಾಸ್ಬೇಕ್ರಿ. ತ್ವಾಳ ಗಾಳಿಗೆ ಎದುರಾಗಿ ಬರ್ತೈತಿ, ನಾಯಿಗೆ ವಾಸನಿ ಹತ್ತಂಗಿಲ್ಲ. ಈಗ ತ್ವಾಳಕ್ಕಿಂತ ಗಾಡ್ಯಾಗ ಬರೋ ಕಳ್ಳರ ಅಂಜಿಕಿ ಭಾಳ."

"ಕತ್ತಲದಾಗ ಏನ ಕಾಣ್ತೈತಿ?"

"ಕಣ್ಣೀಲೆ ಕಾಯೋದ ಅಲ್ರಿ ಅದು. ಕಿವೀಲೆ. ಕುರಿ ಮೆಲಕ ಹಾಕೋದ ನಿಲ್ಲಿಸಿದ್ರ ಏನೋ ಬಂದೈತಿ ಅಂತ ತಿಳೀಬೇಕು. ನಾ ಮಲಗಿದ್ರೂ ಒಂದ ಕಿವಿ ತೆರದ ಇರ್ತೈತ್ರಿ."

ಗಾಳಿಯ ದಿಕ್ಕು, ಕಿವಿಯ ಕಾವಲು. ನಾನು ಅಂತರರಾಷ್ಟ್ರೀಯ ನಿಯಮ ಓದಿ ತಿಳಿದದ್ದು ಅವಳಿಗೆ ಹಾಸಿಗೆ ಹಾಸುವ ಕೆಲಸದಲ್ಲೇ ಗೊತ್ತಿತ್ತು. ತಾರಿಣಿಯ ಹೆಣ್ಣುಮಕ್ಕಳ ಸುದ್ದಿ ಹೇಳಿದೆ. ಬಹಳ ಹೊತ್ತು ಯೋಚಿಸಿ ಆಕೆ ಕೇಳಿದ್ದು ಒಂದೇ ಮಾತು. "ಇಬ್ಬರೂ ಹೆಣ್ಮಕ್ಕಳಾ? ಹಂಗಾದ್ರ ಇಬ್ಬರ ಹೆಸರೂ ಬರದಾರಂತ ಆತು."

ನನ್ನವ್ವ ತೀರಿಕೊಳ್ಳುವ ಮುಂದಿನ ವರ್ಷ, ಅಪ್ಪ ಹೋಗಿ ಬಹಳ ದಿನವಾದ ಮೇಲೆ, ಒಂದು ಸಂಜೆ ಕೇಳಿದ್ದೆ. "ಅವತ್ತು ಯಾಕ ನಿನ್ನ ಪಾಳಿ ಅಂದಿ? ಕೂರಿಗಿ ಇನ್ನೂ ಮುಳುಗಿರಲಿಲ್ಲ, ನಾ ನೋಡೇನಿ." ಅವ್ವ ಆಶ್ಚರ್ಯಪಡಲಿಲ್ಲ. ಕೈಯಲ್ಲಿದ್ದ ಬತ್ತಿ ಹೊಸೆಯುತ್ತಲೇ ಅಂದಳು. "ಅಂವ ಮಂದ್ಯಾಗ ತಿರಗಾಡಾಂವ. ಹೆಸರು ಕೆಟ್ರ ಅವಂದು ಕೆಡತಿತ್ತು. ನಾ ಕಾಯ್ತಿದ್ದೆ ಅನ್ನೋದ ಯಾರಿಗೂ ಗೊತ್ತಿರಲಿಲ್ಲ. ಇಲ್ಲದ ಹೆಸರು ಕೆಡೋದೇನೈತಿ?" ಆಮೇಲೆ ಸ್ವಲ್ಪ ತಡೆದು, "ಮೂರು ಚೀಲ ಹೋದ್ರೂ ಆ ವರ್ಷ ಉಪಾಸ ಬೀಳಲಿಲ್ಲ ಬಿಡು" ಎಂದಳು.

ಅಪ್ಪನ ಮೇಲಿನ ಪ್ರೀತಿಯಿಂದ ಆಡಿದ ಮಾತೆಂದು ಆಗ ನನಗೆ ಕಣ್ಣು ತುಂಬಿತ್ತು. ಈಗ ಯೋಚಿಸಿದರೆ, ಅದರಲ್ಲಿ ಪ್ರೀತಿಯೂ ಇತ್ತು, ಲೆಕ್ಕವೂ ಇತ್ತು. ಆ ಲೆಕ್ಕವನ್ನು ಅವಳಿಗೆ ಕಲಿಸಿದವರು ನಾವೆಲ್ಲ.

ಇತ್ತೀಚೆಗೆ ಆ ಹುಡುಗಿಯ ತಮ್ಮನನ್ನು ಶಾಲೆಗೆ ಸೇರಿಸಲು ಅಜ್ಜಿ ಕರೆದುಕೊಂಡು ಬಂದಿದ್ದಳು. ಅರ್ಜಿ ತುಂಬಲು ನನ್ನ ಕೈಗೇ ಬಂತು. ತಂದೆಯ ಉದ್ಯೋಗ ಎಂಬಲ್ಲಿ ಕುರಿ ಕಾಯುವುದು ಎಂದು ಬರೆದೆ. ತಾಯಿಯ ಉದ್ಯೋಗ ಎಂಬಲ್ಲಿಗೆ ಬಂದಾಗ ಮೂವತ್ತು ವರ್ಷದ ರೂಢಿಯಿಂದ ಕೈ ತಾನೇ 'ಮನೆ' ಎಂಬ ಎರಡಕ್ಷರ ಬರೆದುಬಿಟ್ಟಿತ್ತು. ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಕುರಿ ಕಾಯುವುದು ಎಂದು ಬರೆದು, ತಿದ್ದಿದ್ದಕ್ಕೆ ಸಣ್ಣ ಸಹಿ ಹಾಕಿದೆ.

ಅಜ್ಜಿಗೆ ಓದಲು ಬರುವುದಿಲ್ಲ. "ಎಲ್ಲಾ ಬರದ್ರೇನ್ರಿ ಅಕ್ಕೋರ?" ಎಂದಳು.

"ಬರದೆ ಬೇ" ಎಂದೆ.